ಆರ್ಕಿಡ್ ಎಲೆ ಹಳದಿಯಾದರೆ ನಾನು ಮೊದಲು ಕುಂಡ ತೂಗುತ್ತೇನೆ

ಈ ಜನವರಿಯಲ್ಲಿ ನಮ್ಮ ಪಡಸಾಲೆಯ ಫಲನಾಪ್ಸಿಸ್ ಎಂಬ ಆರ್ಕಿಡ್ ಒಂದೇ ದಂಟಿಗೆ 13 ಹೂ ಬಿಟ್ಟಿತು. ಕಲಬುರಗಿಯಲ್ಲಿ, ಅದೂ ಒಮ್ಮೆ ಕೆಳಗಿನ ಎಲೆಗಳು ಹಳದಿಯಾಗಿ ಸಾಯಲು ಹೊರಟಿದ್ದ ಗಿಡ. "ನಮ್ಮ ಬಿಸಲಾಗ ಆರ್ಕಿಡ್ ಉಳಿಯಂಗಿಲ್ಲ ಬಿಡ್ರಿ ಸರ, ಹೂ ಮುಗದ ಮ್ಯಾಲೆ ಒಗೀರಿ" ಎಂದಿದ್ದವರೇ ಬಂದು ಫೋಟೊ ಹೊಡೆದುಕೊಂಡು ಹೋದರು. ಹಾಗಾಗಿ ಇಷ್ಟು ದಿನ ಕೇಳಿದವರಿಗೆ ಬಾಯಲ್ಲಿ ಹೇಳುತ್ತಿದ್ದದ್ದನ್ನು ಈಗ ಬರೆದಿಡುತ್ತಿದ್ದೇನೆ.

ಮೂರು ವರ್ಷದ ಹಿಂದೆ ಪುಣೆಯಿಂದ ಎರಡು ಸಲ ಸೇರಿ 11 ಗಿಡ ತಂದೆ. ಒಂದೊಂದಕ್ಕೆ 600–700 ರೂಪಾಯಿ. ಮಾರ್ಚ್ ಕೊನೆಯವರೆಗೂ ಎಲ್ಲ ಚೆನ್ನಾಗಿದ್ದವು. ಏಪ್ರಿಲ್ ಎರಡನೇ ವಾರ ಶುರುವಾಯಿತು ನೋಡಿ, 10–12 ದಿನದೊಳಗೆ 7 ಗಿಡಗಳ ಕೆಳಗಿನ ಎಲೆಗಳು ಎರಡೆರಡು, ಮೂರುಮೂರು ಒಮ್ಮೆಗೇ ಮಾಗಿದ ಬಾಳೆಹಣ್ಣಿನ ಬಣ್ಣಕ್ಕೆ ತಿರುಗಿದವು. ಕೊಟ್ಟವರಿಗೆ ಫೋನ್ ಮಾಡಿದರೆ "ಬಿಸಿಲು ಜಾಸ್ತಿ, ನೀರು ಹೆಚ್ಚು ಹಾಕಿ" ಎಂದರು. ಹಾಕಿದೆ. ತೊಗರಿ ಬೆಳೆಯುವ ಗೆಳೆಯ ಕಬ್ಬಿಣದ ಕೊರತೆ ಎಂದ, ಲಘು ಪೋಷಕಾಂಶದ ಬಾಟಲಿ ತಂದು ಸಿಂಪಡಿಸಿದೆ. ಇನ್ನೊಬ್ಬರು ಎಪ್ಸಮ್ ಉಪ್ಪು ಎಂದರು, ಅದನ್ನೂ ಹಾಕಿದೆ. ಬಾಟಲಿ, ಪುಡಿಗಳಿಗೇ 900 ರೂಪಾಯಿ ಹೋಗಿರಬೇಕು. ಮೇ ಮುಗಿಯುವುದರೊಳಗೆ ನಾಲ್ಕು ಗಿಡ ಸತ್ತವು.

ಐದನೆಯದು ಸಾಯುವ ಮೊದಲು ಅದರ ಹೊಟ್ಟೆಯೊಳಗೆ ಏನಿದೆ ನೋಡೋಣ ಎಂದು ಒಂದು ಸಂಜೆ ಪರಸಿಯ ಮೇಲೆ ಹಳೇ ಪೇಪರ್ ಹಾಸಿ ಕುಂಡ ಬಗ್ಗಿಸಿದೆ. ಸುತ್ತಲಿನ ತೊಗಟೆ ಚೂರುಗಳು ಗರಿಗರಿ ಒಣಗಿ ಉದುರಿದವು. ನಡುವೆ ನೀರು ಹೀರಿ ಹಿಡಿದಿಡುವ ಸ್ಫ್ಯಾಗ್ನಮ್ ಪಾಚಿಯ ನಿಂಬೆಹಣ್ಣಿನಷ್ಟು ದಪ್ಪದ ಉಂಡೆ ಕಪ್ಪಗಾಗಿ ಕೂತಿತ್ತು. ಹಿಂಡಿದರೆ ಬೆರಳ ಸಂದಿಯಿಂದ ಕಂದು ನೀರು ಇಳಿಯಿತು, ನೆನೆದ ಗೋಣಿಚೀಲದ ವಾಸನೆ. ಆ ಉಂಡೆಯೊಳಗಿನ ಬೇರನ್ನು ಎಳೆದರೆ ಮೇಲಿನ ಪೊರೆ ಕಾಲುಚೀಲದ ಹಾಗೆ ಜಾರಿ ಬಂತು, ಒಳಗೆ ಬರೀ ದಾರ. ಚಿಕ್ಕ ಸಸಿಯಿದ್ದಾಗ ಗಿಡವನ್ನು ನೆಟ್ಟು ಬೆಳೆಸಿದ ಪಾಚಿ ಅದು. ದೊಡ್ಡ ಕುಂಡಕ್ಕೆ ಹಾಕುವಾಗ ಅದನ್ನು ತೆಗೆಯದೆ ಸುತ್ತ ತೊಗಟೆ ತುಂಬಿ ಮಾರುತ್ತಾರೆ. ಬೆರಳಿಟ್ಟು ನೋಡಿದರೆ ಮೇಲೆ ಒಣಗಿರುತ್ತದೆ, ನಾವು ಮತ್ತೆ ನೀರು ಹಾಕುತ್ತೇವೆ.

ಆದರೆ ಏಪ್ರಿಲ್‌ನಲ್ಲೇ ಏಕೆ? ಫೆಬ್ರವರಿಯಲ್ಲೂ ಅದೇ ಪಾಚಿ ಇತ್ತಲ್ಲ? ಇದು ನನಗೆ ಹೊಳೆದದ್ದು ಮನೆಯವಳ ಒಂದು ಮಾತಿನಿಂದ: "ಕೂಲರ್ ಹಚ್ಚಿದಾಗಿಂದ ಒಳಗ ಹಾಕಿದ ಬಟ್ಟಿ ಒಣಗವಲ್ವು ನೋಡ್ರಿ." ಮರುದಿನವೇ 350 ರೂಪಾಯಿಯ ತೇವಾಂಶ ಮಾಪಕ ತರಿಸಿದೆ. ಮಧ್ಯಾಹ್ನ ಹೊರಗೆ ಶೇ. 20–25, ಕೂಲರ್ ಓಡುವ ಪಡಸಾಲೆಯಲ್ಲಿ 70ರ ಮೇಲೆ. ಹೊರಗೆ 42 ಡಿಗ್ರಿ ಎಂದು ಹೆದರಿ ನಾನು ನೀರು ಹೆಚ್ಚಿಸಿದ್ದೆ, ಒಳಗೆ ಕುಂಡ ಒಣಗುವುದೇ ನಿಂತಿತ್ತು. ಬಿಸಿಲು ಕೊಂದಿತು ಎಂದು ಎಲ್ಲರೂ ಅಂದುಕೊಂಡ ಗಿಡಗಳು ನೀರಿನಲ್ಲಿ ಮುಳುಗಿ ಸತ್ತಿದ್ದವು.

ಅಂದಿನಿಂದ ಅಡುಗೆಮನೆಯ ತೂಕದ ಯಂತ್ರ ನನ್ನ ಪಾಲಾಯಿತು. ಪ್ರತಿ ಕುಂಡಕ್ಕೂ ನೀರು ಕುಡಿಸಿ ಸೋರಿದ ಮೇಲಿನ ತೂಕ, ಪೂರ್ತಿ ಒಣಗಿದಾಗಿನ ತೂಕ, ಎರಡನ್ನೂ ಪಟ್ಟಿ ಅಂಟಿಸಿ ಬರೆದಿದ್ದೇನೆ. ನನ್ನ ಮಾಮೂಲಿ ಗಾತ್ರದ ಕುಂಡ ಒಣಗಿದಾಗ 310 ಗ್ರಾಂ, ನೆಂದಾಗ 420ರ ಆಸುಪಾಸು. 340ಕ್ಕೆ ಇಳಿಯುವ ತನಕ ಹನಿ ನೀರು ಇಲ್ಲ. ಕೂಲರ್ ಇರುವಾಗ ಅದಕ್ಕೆ 8–9 ದಿನ ಬೇಕು, ಫೆಬ್ರವರಿಯಲ್ಲಿ 4–5 ದಿನ ಸಾಕು. ಬೇಸಿಗೆಗೆ ನೀರು ಕಡಿಮೆ ಹಾಕು ಎಂದರೆ ಇಂದಿಗೂ ಯಾರೂ ನಂಬುವುದಿಲ್ಲ.

ಎಲೆ ನೋಡಿಯೂ ಈಗ ಬಹಳಷ್ಟು ಗೊತ್ತಾಗುತ್ತದೆ. ಕಟ್ಟಕಡೆಯ ಎಲೆ ಒಂದೇ, ಮೂರು ವಾರ ಹಿಡಿದು ಹಳದಿಯಾದರೆ ಅದು ವಯಸ್ಸು, ಕೈ ಹಚ್ಚುವುದಿಲ್ಲ. ಎರಡು ಮೂರು ಎಲೆ ಒಟ್ಟಿಗೆ, ಮುಟ್ಟಿದರೆ ಹಳೇ ಚಪ್ಪಲಿಯ ತೊಗಲಿನಂತೆ ಮೆತ್ತಗಿದ್ದರೆ ಅವತ್ತೇ ಕುಂಡ ಬಿಚ್ಚುತ್ತೇನೆ. ಕಿಟಕಿಯ ಕಡೆಗಿನ ಅರ್ಧ ಮಾತ್ರ ಹಳದಿಯಾಗಿ, ನಡುವೆ ಬಿಳಿ ಕಾಗದದ ತೇಪೆ ಬಿದ್ದರೆ ಬಿಸಿಲು. ಮಧ್ಯಾಹ್ನ ಮೂರಕ್ಕೆ ಎಲೆಗೆ ಕೆನ್ನೆ ಹಚ್ಚಿ ನೋಡಿ, ಬಿಸಿ ತಾಗುತ್ತದೆ. ನನಗೆ ಹೆದರಿಕೆಯಾಗುವುದು ಎಲೆ ಬುಡದಿಂದ ಹಳದಿಯಾದಾಗ. ತುದಿ ಇನ್ನೂ ಹಸಿರಾಗಿರುತ್ತದೆ, ಕಾಂಡಕ್ಕೆ ಸೇರುವ ಜಾಗ ಕಪ್ಪಾಗಿ, ಬೆರಳು ತಾಗಿದರೆ ಕಳಚಿ ಕೈಗೆ ಬರುತ್ತದೆ. ಅಂಥದ್ದನ್ನು ನಾನು ಒಂದನ್ನೂ ಉಳಿಸಿಲ್ಲ, ಎರಡನೇ ಬೇಸಿಗೆಯಲ್ಲಿ ಹಾಗೆ ಹೋದ ಗಿಡಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ.

ನೀರಿನದೂ ಒಂದು ಕಥೆಯೇ. ನಮ್ಮ ಬೋರ್‌ವೆಲ್ ನೀರಿಗೆ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ 1100ರ ಹತ್ತಿರ ತೋರಿಸುತ್ತದೆ. ಕೂಲರ್‌ನ ಹುಲ್ಲಿಗೆ ಒಂದೇ ತಿಂಗಳಲ್ಲಿ ಸುಣ್ಣ ಕಟ್ಟುವ ನೀರು ಅದು. ಎಲೆಯ ತುದಿ ಸುಟ್ಟಂತಾಗುತ್ತಿದ್ದದ್ದು ಇದರಿಂದ. ಈಗ ಮಳೆಗಾಲದಲ್ಲಿ ಮಾಳಿಗೆ ನೀರು ಡ್ರಮ್ಮಿಗೆ ಹಿಡಿಯುತ್ತೇನೆ, ಬೇಸಿಗೆಯಲ್ಲಿ ಪಕ್ಕದ ಮನೆಯವರ ಎಸಿಯಿಂದ ತೊಟ್ಟಿಕ್ಕುವ ನೀರು, ದಿನಕ್ಕೆ ಆರೇಳು ಲೀಟರ್ ಪುಕ್ಕಟೆ. ಗೊಬ್ಬರ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು) ಮಾತ್ರ, ಲೀಟರಿಗೆ ಅರ್ಧ ಗ್ರಾಂ.

ಕುಂಡ ನಮ್ಮ ಕುಂಬಾರರ ಕೈಯಲ್ಲೇ ಮಾಡಿಸಿದೆ, ಸುತ್ತಲೂ ತೂತು. "ತೂತಿನ ಗಡಿಗ್ಯಾಗ ನೀರ ನಿಲ್ಲಂಗಿಲ್ಲಲ್ರಿ" ಎಂದು ಆ ಹಿರಿಯರು ಮೂರು ಸಲ ಕೇಳಿದರು. ಒಂದಕ್ಕೆ 40 ರೂಪಾಯಿ. ಒಳಗೆ ಇಸ್ತ್ರಿ ಅಂಗಡಿಯ ಇದ್ದಿಲು, ಸ್ವಲ್ಪ ತೊಗಟೆ, ಮೂರು ದಿನ ನೀರು ಬದಲಿಸಿ ನೆನೆಸಿದ ತೆಂಗಿನ ಸಿಪ್ಪೆ ಚೂರು. ಕೊಳೆತ ಬೇರನ್ನು ಗ್ಯಾಸಿನ ಉರಿಗೆ ಹಿಡಿದ ಬ್ಲೇಡಿನಿಂದ ಕತ್ತರಿಸಿ, ಸಾಫ್ ಎಂಬ ಶಿಲೀಂಧ್ರನಾಶಕ ಲೀಟರಿಗೆ 2 ಗ್ರಾಂ ಕಲಸಿ ಅದ್ದಿ, ಒಂದು ದಿನ ನೆರಳಲ್ಲಿ ಒಣಗಿಸಿ ಇಡುತ್ತೇನೆ. ಒಂದೂ ಬೇರಿಲ್ಲದೆ ಉಳಿದ ಗಿಡಕ್ಕೆ ಮುಚ್ಚಳ ಸ್ವಲ್ಪ ತೆರೆದ ಪಾರದರ್ಶಕ ಡಬ್ಬಿ, ತಳದಲ್ಲಿ ಒದ್ದೆ ಪಾಚಿ, ಬಡಗಣ ಕಿಟಕಿ. ಆರೇಳು ವಾರಕ್ಕೆ ಹೆಸರುಕಾಳಿನಷ್ಟು ಹಸಿರು ಬೇರುತುದಿ ಕಂಡಿತು. ಆ ಪಾಚಿಗೆ ನೀರಿನ ಜೊತೆ ನಾನು ಚಿಮುಕಿಸುವ ಇನ್ನೊಂದು ವಸ್ತುವಿದೆ, ಅಡುಗೆಮನೆಯದೇ. ಅದನ್ನು ಇಲ್ಲಿ ಹೇಳುವುದಿಲ್ಲ, ಇನ್ನೂ ಎರಡು ಬೇಸಿಗೆ ನೋಡಬೇಕು.

ದಾಲ್ಚಿನ್ನಿ ಪುಡಿಯನ್ನೂ ಪರೀಕ್ಷಿಸಿದ್ದೇನೆ. ಎಲೆಯ ಗಾಯಕ್ಕೆ ಒಳ್ಳೆಯದು, ಬೇರಿಗೆ ಹಚ್ಚಿದಾಗ ಗಟ್ಟಿಯಿದ್ದ ಬೇರೂ ಒಣಗಿತು. ಬಾಳೆಸಿಪ್ಪೆಯ ನೀರು ಹಾಕಿ ಮನೆತುಂಬ ಸಣ್ಣ ನೊಣ ಸಾಕಿದ್ದಷ್ಟೇ ಬಂತು. ಬೀದರ್‌ನ ಗೆಳೆಯರೊಬ್ಬರು ಡಿಸೆಂಬರ್‌ನಲ್ಲಿ ಗಾಬರಿಯಿಂದ ಫೋನ್ ಮಾಡಿದ್ದರು, ಡೆಂಡ್ರೋಬಿಯಂ ನೊಬೈಲ್ ಎಂಬ ಆರ್ಕಿಡ್‌ನ ಎಲೆ ಹಳದಿಯಾಗಿ ಉದುರುತ್ತಿವೆ ಎಂದು. ಅದು ಚಳಿಗೆ ಎಲೆ ಉದುರಿಸುವ ಜಾತಿ, ನೀರು ನಿಲ್ಲಿಸಿ ಸುಮ್ಮನಿರಿ ಎಂದೆ. ಮಾರ್ಚ್‌ನಲ್ಲಿ ಬೋಳು ಕಡ್ಡಿಯ ತುಂಬ ಹೂವಿನ ಫೋಟೊ ಕಳಿಸಿದರು. ನಮ್ಮ ಫಲನಾಪ್ಸಿಸ್‌ಗೂ ನವೆಂಬರ್‌ನ ತಂಪು ರಾತ್ರಿಗಳೇ ದಂಟು ಹೊರಡಿಸಿದ್ದು, ನಾನು ಬೇರೇನೂ ಮಾಡಿಲ್ಲ.

ಹಳದಿಯಾದ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನು ಕಾಯುತ್ತ ಕೂರಬೇಡಿ, ಹೊಸ ಎಲೆ ಹಿಂದಿನದಕ್ಕಿಂತ ಉದ್ದ ಬರುತ್ತಿದೆಯೇ ನೋಡಿ. ನನ್ನ 11ರಲ್ಲಿ ಈಗ 6 ಇವೆ. ಕಳೆದ ತಿಂಗಳು ಇನ್ನೆರಡು ತಂದೆ, 750ರಂತೆ. ಹೂವಿರುವಾಗ ಬೇರು ಮುಟ್ಟಬಾರದು ಎನ್ನುತ್ತಾರೆ, ನಾನು ತಂದ ರಾತ್ರಿಯೇ ಎರಡರ ಪಾಚಿ ಉಂಡೆಯನ್ನೂ ಚಿಮಟದಿಂದ ಎಳೆ ಎಳೆಯಾಗಿ ತೆಗೆದೆ. ಒಂದು ಗಿಡ ಹೂ ಉದುರಿಸಿತು. ಇನ್ನೊಂದರ ಎಂಟೂ ಹೂ ಹಾಗೇ ಇವೆ, ಇವತ್ತು ಬೆಳಿಗ್ಗೆ ತೂಕ 365.