ದಸರೆಯ ಗೊಂಬೆ ಸಾಲಿಗೆ ಶೆಟ್ಟರ ಅಂಗಡಿ: ಮನೆಯಲ್ಲೇ ಕಟ್ಟುವ ಬಗೆ

ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವಾಗ, ರಾಜ–ರಾಣಿಯರಾದ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಶೆಟ್ಟಿ–ಶೆಟ್ಟಿತಿಯರನ್ನಿಟ್ಟು, ಅವರ ಮುಂದೆ ಅಕ್ಕಿ, ಬೇಳೆ, ಬೆಲ್ಲಗಳನ್ನು ಪುಟ್ಟ ಬಟ್ಟಲುಗಳಲ್ಲಿ ತುಂಬಿ ಅಂಗಡಿ ಹೂಡುವುದು ರೂಢಿ. ಆ ದಂಪತಿಗೆ ಹೆಂಚಿನ ಮಾಡು, ಹಲಗೆ ಬಾಗಿಲುಗಳಿರುವ ಅಂಗಡಿಯನ್ನೇ ಕಟ್ಟಿಕೊಡಬೇಕೆನ್ನುವವರು ಹಬ್ಬಕ್ಕೆ ಒಂದು ತಿಂಗಳಿರುವಾಗಲೇ ಕೆಲಸ ಹಿಡಿಯಬೇಕು. ಕತ್ತರಿಸಿ ಅಂಟಿಸುವುದಕ್ಕಿಂತ ಅಳತೆ ಹಾಕುವುದಕ್ಕೇ ಹೆಚ್ಚು ಹೊತ್ತು ಬೇಕಾಗುತ್ತದೆ.

ಮೊದಲು ಗೊಂಬೆಯನ್ನು ಅಳೆಯಿರಿ. ಚಕ್ಕಳಮಕ್ಕಳ ಹಾಕಿ ಕುಳಿತ ಮನುಷ್ಯ ನೆಲದಿಂದ ನೆತ್ತಿಯವರೆಗೆ ಸುಮಾರು ಎರಡೂಮುಕ್ಕಾಲು ಅಡಿ ಇರುತ್ತಾನೆ. ನಿಮ್ಮ ಶೆಟ್ಟಿ ಗೊಂಬೆ ಎರಡೂಮುಕ್ಕಾಲು ಅಂಗುಲವಿದ್ದರೆ ಅಡಿಗೆ ಒಂದಂಗುಲದ ಲೆಕ್ಕ, ಅಂದರೆ 1:12ರ ಪ್ರಮಾಣ ಹೊಂದುತ್ತದೆ. ಐದೂವರೆ ಅಂಗುಲವಿದ್ದರೆ ಇಲ್ಲಿ ಹೇಳುವ ಅಳತೆಗಳನ್ನೆಲ್ಲ ಇಮ್ಮಡಿ ಮಾಡಿಕೊಳ್ಳಿ. 1:12ರಲ್ಲಿ ಎಂಟಡಿ ಅಗಲ, ಆರಡಿ ಆಳದ ಅಂಗಡಿಗೆ ಎಂಟು ಅಂಗುಲಕ್ಕೆ ಆರು ಅಂಗುಲ ಜಾಗ ಸಾಕು. ಮುಂದಿನ ಜಗಲಿಗೆ ಇನ್ನೆರಡು ಅಂಗುಲ ಸೇರಿಸಿ, ದಪ್ಪ ಪ್ಲೈವುಡ್ಡಿನ ತಳ ಕತ್ತರಿಸಿಕೊಳ್ಳಿ.

ಗೋಡೆಗಳನ್ನು ನಿಲ್ಲಿಸುವ ಮುನ್ನ ಆ ತಳದ ಮೇಲೆ ಶೆಟ್ಟರ ಗಾದಿಯ ಜಾಗವನ್ನು ಗುರುತಿಸಬೇಕು. ಅಂಗಡಿಯ ಇಡೀ ಯೋಜನೆ ನಿಂತಿರುವುದೇ ಇದರ ಮೇಲೆ. ಹಳೆಯ ಅಂಗಡಿಯಲ್ಲಿ ಶೆಟ್ಟರು ಕುಳಿತಲ್ಲಿಂದ ಏಳದೆಯೇ ಹೆಚ್ಚಿನ ವ್ಯಾಪಾರ ಮುಗಿಸುತ್ತಿದ್ದರು. ಗಲ್ಲಾಪೆಟ್ಟಿಗೆ ಮೊಣಕಾಲಿನ ಪಕ್ಕದಲ್ಲಿ, ತಕ್ಕಡಿ ಕೈಗೆ ಸಿಗುವಂತೆ ಮುಂದೆ, ಪೊಟ್ಟಣದ ಕಾಗದ ಮತ್ತು ದಾರದ ಉಂಡೆ ಇನ್ನೊಂದು ಬದಿಯಲ್ಲಿ ಇರುತ್ತಿದ್ದವು. ಆದ್ದರಿಂದ ಗಾದಿಯ ಸುತ್ತ ತೋಳಿನಳತೆಗೆ, ಅಂದರೆ ಎರಡು ಅಂಗುಲ ದೂರಕ್ಕೆ, ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದು, ದಿನವೂ ಖರ್ಚಾಗುವ ಬೇಳೆ, ಸಕ್ಕರೆ, ಉಪ್ಪುಗಳನ್ನು ಅದರೊಳಗೇ ಜೋಡಿಸಿ. ಮೂಟೆಗಳು ಗೆರೆಯಾಚೆ ಹಿಂಗೋಡೆಗೆ ಒರಗಲಿ. ಅಪರೂಪಕ್ಕೆ ಕೇಳುವ ಹಗ್ಗ, ಪೊರಕೆ, ಬುಟ್ಟಿಗಳು ತೊಲೆಯಿಂದ ತೂಗಲಿ. ಈ ಗೆರೆಯಿಲ್ಲದೆ ಸಾಮಾನು ಜೋಡಿಸಿದರೆ ಎಷ್ಟೇ ಅಂದವಾಗಿದ್ದರೂ ಅದು ಉಗ್ರಾಣದಂತೆ ಕಾಣುತ್ತದೆಯೇ ಹೊರತು ಅಂಗಡಿಯಾಗುವುದಿಲ್ಲ.

ಅಂಗಡಿಯ ಕಾಲವನ್ನೂ ಈಗಲೇ ನಿಶ್ಚಯಿಸಿ. ತೂಕ ಮತ್ತು ಅಳತೆಗಳನ್ನು ಮೆಟ್ರಿಕ್ ಪದ್ಧತಿಗೆ ತಂದ ಕಾಯ್ದೆ 1956ರದು. ನಯಾಪೈಸೆ ಚಲಾವಣೆಗೆ ಬಂದದ್ದು 1957ರಲ್ಲಿ. ಸೇರು, ಪಾವು, ಚಟಾಕುಗಳನ್ನು ಸಾಲಾಗಿ ಇಡುವ ಆಸೆಯಿದ್ದರೆ ಅದಕ್ಕೂ ಹಿಂದಿನ ಕಾಲವನ್ನು ಆರಿಸಿಕೊಂಡು, ಪ್ಲಾಸ್ಟಿಕ್ ಕೊಡ, ಶಾಂಪೂ ಸರಗಳನ್ನು ಕೈಬಿಡುವುದು ಲೇಸು.

ಗೋಡೆಗೆ ಐದು ಮಿಲಿಮೀಟರಿನ ಫೋಮ್ ಬೋರ್ಡು ಸಾಕು. ಅದರ ಮೇಲೆ ಗೋಂದು ಬೆರೆಸಿದ ಸುಣ್ಣದ ಪುಡಿಯನ್ನು ಬೆರಳಿನಿಂದ ಸವರಿದರೆ ಹಳೆಯ ಗಾರೆಯ ಒರಟುತನ ಬರುತ್ತದೆ. ಹಲಗೆ ಬಾಗಿಲಿಗೆ ವೈದ್ಯರು ನಾಲಿಗೆ ಒತ್ತಿ ನೋಡುವ ಮರದ ಪಟ್ಟಿಗಳು ಹೇಳಿ ಮಾಡಿಸಿದಂತಿವೆ. ಮುಕ್ಕಾಲು ಅಂಗುಲದ ಅವುಗಳ ಅಗಲ ಒಂಬತ್ತಂಗುಲದ ಹಲಗೆಗೆ ಸಮ. ದುಂಡನೆಯ ತುದಿಗಳನ್ನು ಕತ್ತರಿಸಿ, ಹೊಸ್ತಿಲಲ್ಲೂ ಮೇಲಿನ ಪಟ್ಟಿಯಲ್ಲೂ ಕೊರೆದ ಉದ್ದನೆಯ ತೋಡಿನಲ್ಲಿ ಸರಿಯುವಂತೆ ಕೂರಿಸಿ. ಒಂದು ತುದಿಯಲ್ಲಿ ಆ ತೋಡನ್ನು ತೆರೆದಿಟ್ಟರೆ ಹಲಗೆಗಳನ್ನು ಒಂದೊಂದಾಗಿ ಒಳಕ್ಕೆ ಸರಿಸಬಹುದು. ಕ್ರಮ ತಪ್ಪದಿರಲೆಂದು ಹಲಗೆಗಳ ಮೇಲೆ ಅಂಕಿ ಬರೆಯುತ್ತಿದ್ದುದನ್ನು ಮರೆಯಬೇಡಿ. ನಾಲ್ಕೈದು ಹಲಗೆಗಳನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟರೆ ಅಂಗಡಿ ಆಗತಾನೇ ತೆರೆದಂತಿರುತ್ತದೆ.

ಮಾಡಿಗೆ ಮಂಗಳೂರು ಹೆಂಚು ಬೇಕು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಹೆಂಚು ಇದು. ರಟ್ಟಿನ ಪೆಟ್ಟಿಗೆಯ ಮೇಲ್ಪದರವನ್ನು ನೀರು ಸವರಿ ಸುಲಿದರೆ ಕಾಣುವ ಏರಿಳಿತವೇ ಈ ಪ್ರಮಾಣದಲ್ಲಿ ಹೆಂಚಿನ ಗೀರುಗಳಿಗೆ ಹತ್ತಿರವಾಗಿದೆ. ಅದನ್ನು ಒಂದೂಕಾಲು ಅಂಗುಲದ ಪಟ್ಟಿಗಳಾಗಿ ಕತ್ತರಿಸಿ, ಸೂರಿನ ಕಡೆಯಿಂದ ಶುರುಮಾಡಿ, ಪ್ರತಿ ಸಾಲೂ ಕೆಳಗಿನದರ ಮೇಲೆ ತುಸು ಹತ್ತುವಂತೆ ಅಂಟಿಸಿ. ಮಾಡನ್ನು ಗೋಡೆಗೆ ಅಂಟಿಸದೆ ಎತ್ತಿಡುವಂತಿರಲಿ. ಒಳಗೆ ಕೈಯಾಡಿಸಲು ಅದೊಂದೇ ದಾರಿ.

ಸಾಮಾನಿನ ವಿಷಯದಲ್ಲಿ ತೀರ ಎಚ್ಚರ ಬೇಕು. ಗೋಣಿಚೀಲವನ್ನು ನಿಜವಾದ ಗೋಣಿಯಲ್ಲೇ ಹೊಲಿದರೆ ಅದರ ಎಳೆ ಹಗ್ಗದಷ್ಟು ದಪ್ಪ ಕಾಣುತ್ತದೆ. ತೆಳು ಹತ್ತಿಬಟ್ಟೆಯನ್ನು ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿ ಬಳಸಿ. ಧಾನ್ಯದಲ್ಲೂ ಹಾಗೆಯೇ. ನಿಜವಾದ ತೊಗರಿಬೇಳೆ ಈ ಅಂಗಡಿಯಲ್ಲಿ ಕಲ್ಲುಗುಂಡಿನಷ್ಟಾಗುತ್ತದೆ. ಅರಿಸಿನ ಬೆರೆಸಿದ ಸಣ್ಣ ರವೆಯೇ ಬೇಳೆಯಾಗಲಿ, ಚಿರೋಟಿ ರವೆ ಅಕ್ಕಿಯಾಗಲಿ, ಗಸಗಸೆ ಕಡಲೆಯಾಗಲಿ, ರಾಗಿ ಗೋಟಡಿಕೆಯಾಗಲಿ. ಬ್ಯಾಡಗಿ ಮೆಣಸಿನಕಾಯಿಗೆ ಕೆಂಪು ಕ್ರೇಪ್ ಕಾಗದವನ್ನು ಅರ್ಧ ಅಂಗುಲಕ್ಕೂ ಕಡಿಮೆ ಉದ್ದಕ್ಕೆ ಹೊಸೆಯಿರಿ, ಅದರ ಸುಕ್ಕೇ ಕಾಯಿಯ ಸುಕ್ಕಾಗುತ್ತದೆ. ಚೀಲದ ಹೊಟ್ಟೆಗೆ ಹತ್ತಿ ತುರುಕಿ, ಬಾಯಿಗೆ ಗೋಂದು ಸವರಿದ ರಟ್ಟಿನ ಬಿಲ್ಲೆಯಿಟ್ಟು, ಕಾಳನ್ನು ಅದರ ಮೇಲಷ್ಟೇ ಉದುರಿಸಿ.

ತಕ್ಕಡಿಯ ತಟ್ಟೆಗೆ ತೆಳು ಅಲ್ಯೂಮಿನಿಯಂ ಹಾಳೆಯಿಂದ ಮುಕ್ಕಾಲು ಅಂಗುಲದ ಬಿಲ್ಲೆಗಳನ್ನು ಕತ್ತರಿಸಿ, ಗೋಲಿಯಿಂದ ಒತ್ತಿದರೆ ಬೇಕಾದಷ್ಟು ಕುಳಿ ಬೀಳುತ್ತದೆ. ಬೆಲ್ಲದ ಅಚ್ಚಿಗೆ ಜೇಡಿಮಣ್ಣು ಸಾಕು. ಪೆಪ್ಪರ್‌ಮೆಂಟ್ ಜಾಡಿಗೆ ಪಾರದರ್ಶಕ ಬಾಲ್‌ಪೆನ್ನಿನ ಕೊಳವೆಯ ತುಂಡು ಒಪ್ಪುತ್ತದೆ.

ಹಬ್ಬ ಮುಗಿದ ಮೇಲೆ ರವೆ, ರಾಗಿ ಹಚ್ಚಿದ ಬಿಲ್ಲೆಗಳನ್ನು ತೆಗೆದುಹಾಕಿ, ಮುಂದಿನ ವರ್ಷ ಹೊಸದಾಗಿ ಮಾಡಿಕೊಳ್ಳಿ. ಇಲ್ಲವಾದರೆ ಹುಳು ಬಂದು, ಜೊತೆಯಲ್ಲಿಟ್ಟ ಮರದ ಗೊಂಬೆಗಳಿಗೂ ತಗಲಬಹುದು. ಅಂಗಡಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಮಾಡನ್ನು ಬೇರೆಯಾಗಿ ಕಟ್ಟಿ, ಭಾರ ಬೀಳದ ಅಟ್ಟದ ಮೇಲಿಡಿ.