ಹೊಸ ಚಿಗುರು ಚೆನ್ನಾಗಿದೆ ಅಂತ ಆ ಗಿಡದ ಕಡ್ಡಿ ನೆಡಬೇಡಿ

ವೈರಸ್ ತಗುಲಿದ ಗಿಡದ ಹಳೆ ಎಲೆಗಳು ಮುದುಡಿ, ಹಳದಿ ಮಚ್ಚೆ ಎದ್ದಿರುತ್ತವೆ. ಮೇಲಿನ ಚಿಗುರು ಮಾತ್ರ ಕೆಲವೊಮ್ಮೆ ಹಸಿರಾಗಿ ನಳನಳಿಸುತ್ತದೆ. ರೋಗ ಹೋಯ್ತು ಅನ್ನಿಸುತ್ತದೆ, ಅಲ್ವಾ? ಹೋಗಿರುವುದಿಲ್ಲ.

ಗಿಡಗಳಿಗೆ ಬರುವ ವೈರಸ್‌ಗಳಲ್ಲಿ ಹೆಚ್ಚಿನವು ಆರ್‌ಎನ್‌ಎ ವೈರಸ್‌ಗಳು, ಅಂದ್ರೆ ಅವುಗಳ ವಂಶಮಾಹಿತಿ ಇರುವುದು ಆರ್‌ಎನ್‌ಎ ಅನ್ನೋ ಎಳೆಯಂಥ ಅಣುವಿನಲ್ಲಿ. ಜೀವಕೋಶದೊಳಗೆ ಅವು ನಕಲಾಗುವಾಗ ಎರಡೆಳೆಯ ಆರ್‌ಎನ್‌ಎ ಹುಟ್ಟುತ್ತದೆ. ಗಿಡಕ್ಕೆ ಅದೇ ಕಳ್ಳನ ಹೆಜ್ಜೆಗುರುತು. ಡೈಸರ್ ಅನ್ನೋ ಕಿಣ್ವ ಅದನ್ನು 21ರಿಂದ 24 ಅಕ್ಷರಗಳ (ಆರ್‌ಎನ್‌ಎ ಎಳೆಯ ಬಿಡಿ ಕೊಂಡಿಗಳ) ಚೂರುಗಳಾಗಿ ಕತ್ತರಿಸುತ್ತದೆ. ಆರ್ಗೊನಾಟ್ ಪ್ರೋಟೀನ್ ಒಂದು ಚೂರನ್ನು ಗುರುತಿನ ಚೀಟಿಯ ಹಾಗೆ ಹಿಡಿದುಕೊಂಡು, ಅದಕ್ಕೆ ಹೊಂದುವ ವೈರಸ್ ಆರ್‌ಎನ್‌ಎ ಸಿಕ್ಕಲ್ಲೆಲ್ಲ ತುಂಡರಿಸುತ್ತದೆ. ಈ ಸುದ್ದಿ ಕೋಶದಿಂದ ಕೋಶಕ್ಕೆ, ಆಮೇಲೆ ಆಹಾರ ಸಾಗುವ ನಾಳದಲ್ಲಿ ಚಿಗುರಿಗೂ ಮುಟ್ಟುತ್ತದೆ. ಅಲ್ಲಿ ಕಾವಲು ಮೊದಲೇ ತಯಾರು!

ವೈರಸ್ ಕೂಡ ಸುಮ್ನೆ ಕೂರುವುದಿಲ್ಲ. ಆ ಚೂರುಗಳನ್ನೇ ಕಸಿದುಕೊಳ್ಳುವ ಪ್ರೋಟೀನ್ ಮಾಡುವ ವೈರಸ್‌ಗಳೂ ಇವೆ. ಚಳಿಯಲ್ಲಂತೂ ಗಿಡದ ಈ ಕಾವಲು ಸಡಿಲ.

ಹಾಗಾಗಿ ಅಂಥ ಗಿಡ ಕಸಿಗೂ ಬೇಡ. ಶಿಲೀಂಧ್ರನಾಶಕ ಸಿಂಪಡಿಸಿದರೆ ದುಡ್ಡು ದಂಡ, ವೈರಸ್‌ಗೆ ಅದು ಏನೂ ಮಾಡುವುದಿಲ್ಲ. ಸುತ್ತ ವೈರಸ್ ಹರಡುವ ಬಿಳಿನೊಣ, ಗಿಡಹೇನು ಜಾಸ್ತಿ ಇದ್ದರೆ ಗಿಡವನ್ನೇ ಕಿತ್ತುಬಿಡಿ. ಕೈ, ಕತ್ತರಿ ಎರಡನ್ನೂ ಸೋಪು ಹಾಕಿ ತೊಳೆದೇ ಪಕ್ಕದ ಗಿಡ ಮುಟ್ಟಿ.