ಹಳೇ ಪದ್ಮಿನಿಯ ಮುಂಭಾಗ ತಗ್ಗಿಸುವ ಮುನ್ನ ಸ್ಪ್ರಿಂಗಿಗೆ ಹೆದರುವುದನ್ನು ಕಲಿಯಿರಿ

ಹಳೇ ಪ್ರೀಮಿಯರ್ ಪದ್ಮಿನಿಯ ಮೂತಿ ಸ್ವಲ್ಪ ತಗ್ಗಿಸಿ ಓಡಿಸಬೇಕೆಂಬ ಆಸೆ ಮೈಸೂರಿನ ಹುಡುಗರಲ್ಲಿ ಇದೆ. ತಪ್ಪೇನಿಲ್ಲ, ನೋಡಲೂ ಚೆಂದ. ಆದರೆ ಆ ಕೆಲಸ ಮಾಡುವ ರೀತಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ಗಾಡಿಯನ್ನು ಸೈಜುಗಲ್ಲಿನ ಮೇಲೆ ನಿಲ್ಲಿಸಿ, ಸ್ಪ್ರಿಂಗ್ ಕೂತಲ್ಲೇ ಗ್ಯಾಸ್ ಕಟರ್ ಹಿಡಿದು ಒಂದು ಸುತ್ತು ಕತ್ತರಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಪದ್ಮಿನಿಗೂ ಅದರ ಅಕ್ಕನಂಥ ಫಿಯೆಟ್ 1100ಕ್ಕೂ ಮುಂದೆ ಕಾಯಿಲ್ ಸ್ಪ್ರಿಂಗ್, ಚಕ್ರವನ್ನು ಹಿಡಿದಿಡಲು ಮೇಲೊಂದು ಕೆಳಗೊಂದು ಆರ್ಮ್. ಅಂಬಾಸಿಡರ್‌ನದು ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು; ಅದರ ದಾರಿಯೇ ಬೇರೆ. ಇಲ್ಲಿ ಹೇಳುವುದು ಕಾಯಿಲ್ ಸ್ಪ್ರಿಂಗ್ ಗಾಡಿಗೆ ಮಾತ್ರ.

ಮೊದಲು ಕಾಗದದ ಮಾತು. 2021ರ ವಿಂಟೇಜ್ ನೋಂದಣಿ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪವೂ ಉಳಿದಿರಬೇಕು. ಅದಿಲ್ಲದ ಗಾಡಿಗೂ, ಗಾಡಿಯ ಮೂಲ ವಿವರ ಬದಲಿಸುವುದಕ್ಕೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದ್ದೇ ಇದೆ. ಆದ್ದರಿಂದ ಆರ್‌ಟಿಒದಲ್ಲಿ ಕೇಳಿಯೇ ಮುಂದುವರಿಯಿರಿ. ಗಾಡಿಯ ಜೊತೆ ಬಂದ ಸ್ಪ್ರಿಂಗ್‌ಗಳನ್ನು ಮಾತ್ರ ಯಾವ ಕಾರಣಕ್ಕೂ ಕತ್ತರಿಸಬೇಡಿ. ಎಣ್ಣೆ ಸವರಿ, ಗೋಣಿಚೀಲದಲ್ಲಿ ಸುತ್ತಿಡಿ. ಕೆಲಸಕ್ಕೆ ಬೇರೆ ಜೋಡಿ ತನ್ನಿ.

ಎಷ್ಟು ಇಳಿಸಬೇಕು? ಎರಡೂವರೆ ಸೆಂಟಿಮೀಟರ್ ಸಾಕು, ಅದರಾಚೆ ಬೇಡ. ಇಂಡಿಯನ್ ರೋಡ್ ಕಾಂಗ್ರೆಸ್ ಹೇಳುವ ಹಂಪ್‌ನ ಎತ್ತರವೇ 10 ಸೆಂ.ಮೀ. ಮಂಡ್ಯದ ಕಡೆ ಊರವರೇ ಮಣ್ಣು, ಜಲ್ಲಿ ಸುರಿದು ಹಾಕಿಕೊಂಡ ಹಂಪ್‌ಗಳಿಗೆ ಆ ಲೆಕ್ಕವೂ ಇಲ್ಲ. ನಾಲ್ಕು ಜನರನ್ನು ಕೂರಿಸಿ, ಗಾಡಿಯ ಅಡಿಯಲ್ಲಿ ಎಲ್ಲಕ್ಕಿಂತ ಕೆಳಗಿರುವ ಭಾಗದಿಂದ ನೆಲಕ್ಕೆ ಎಷ್ಟಿದೆ ಅಂತ ಅಳೆದು ನೋಡಿ. ಆಮೇಲೆ ನಿರ್ಧರಿಸಿ.

ಸಮತಟ್ಟಾದ ಕಾಂಕ್ರೀಟ್ ನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಚಕ್ರದ ನಟ್‌ಗಳನ್ನು ಸಡಿಲಿಸಿ, ಮುಂದೆ ಎತ್ತಿ, ಚಾಸಿಸ್‌ನ ಗಟ್ಟಿ ಜಾಗಕ್ಕೆ ಆಕ್ಸಲ್ ಸ್ಟ್ಯಾಂಡ್ ಕೊಟ್ಟು ಚಕ್ರ ಬಿಚ್ಚಿ. ಹಾಲೋ ಬ್ಲಾಕ್ ಬೇಡವೇ ಬೇಡ. ಅದು ಬಿರುಕು ಬಿಡುವ ಮುಂಚೆ ಯಾವ ಸೂಚನೆಯನ್ನೂ ಕೊಡುವುದಿಲ್ಲ.

ಈಗ ನಿಜವಾದ ಕೆಲಸ. ಇಲ್ಲಿ ಅವಸರ ಮಾಡುವವರು ಗಾಡಿಯ ಹತ್ತಿರ ಬರಬಾರದು.

ಸ್ಪ್ರಿಂಗ್ ಸುಮ್ನೆ ಕೂತಂತೆ ಕಾಣುತ್ತದೆ, ಆದರೆ ಚಕ್ರ ನೇತಾಡುತ್ತಿರುವಾಗಲೂ ಅದು ಅದುಮಿಕೊಂಡೇ ಇರುತ್ತದೆ. ಎಷ್ಟೋ ಗಾಡಿಗಳಲ್ಲಿ ಕೆಳಗಿನ ಆರ್ಮ್ ಇನ್ನೂ ಕೆಳಗೆ ಬೀಳದಂತೆ ತಡೆದಿರುವುದು ಶಾಕ್ ಅಬ್ಸಾರ್ಬರ್. ಹಾಗಾಗಿ ಶಾಕ್ ಬಿಚ್ಚುವ ಮೊದಲೇ ಕೆಳಗಿನ ಆರ್ಮ್‌ನ ಹೊರ ತುದಿಗೆ ಟ್ರಾಲಿ ಜಾಕ್ ಕೊಟ್ಟು, ಸ್ವಲ್ಪ ಎತ್ತಿ ಹಿಡಿಯಿರಿ. ಶಾಕ್ ಹೊರಬಂದ ಮೇಲೆ ಸ್ಪ್ರಿಂಗ್ ಕಂಪ್ರೆಸರ್, ಅಂದರೆ ಸುತ್ತುಗಳನ್ನು ಕೊಕ್ಕೆಯಿಂದ ಹಿಡಿದು ಅದುಮುವ ಟೂಲ್, ಕೂರಿಸಿ. ಸ್ಪ್ರಿಂಗಿನ ಸುತ್ತ ಜಾಗ ಇಕ್ಕಟ್ಟಾಗಿದ್ದರೆ ಒಳಗಿಂದ ಹಿಡಿಯುವ ಬಗೆಯದ್ದೇ ಬೇಕು. ಕೊಕ್ಕೆ ಸುತ್ತಿನ ಮೇಲೆ ಪೂರ್ತಿ ಕೂತಿರಬೇಕು, ತುದಿಯಲ್ಲಿ ತಗುಲಿಕೊಂಡಿದ್ದರೆ ಸಾಲದು. ಟಾರ್ಚ್ ಹಾಕಿ ನೋಡಿ: ಬಿಗಿ ಮಾಡುವಾಗ ಕೊಕ್ಕೆಯ ಪಕ್ಕದಲ್ಲಿ ಬಣ್ಣ ಕೆರೆದು ಹೊಳೆಯುವ ಗೆರೆ ಮೂಡಿದರೆ ಕೊಕ್ಕೆ ಜಾರುತ್ತಿದೆ ಎಂದರ್ಥ. ಅಲ್ಲಿಗೇ ನಿಲ್ಲಿಸಿ, ಸಡಿಲಿಸಿ, ಮತ್ತೆ ಕೂರಿಸಿ.

ಥ್ರೆಡ್‌ಗೆ ಗ್ರೀಸ್ ಹಚ್ಚಿ, ಕೈ ಪಾನಾದಲ್ಲೇ ತಿರುಗಿಸಿ. ಇಂಪ್ಯಾಕ್ಟ್ ಗನ್ ಮುಟ್ಟಬೇಡಿ. ಜೊತೆಗೆ ಸ್ಪ್ರಿಂಗಿನ ಒಳಗಿಂದ ದಪ್ಪ ಚೈನ್ ತೂರಿಸಿ, ಗಾಡಿಯ ಅಡಿಯ ಅಡ್ಡ ತೊಲೆಗೆ (ಕ್ರಾಸ್‌ಮೆಂಬರ್) ಸುತ್ತಿ ಬೋಲ್ಟ್ ಹಾಕಿ. ಟೂಲ್ ಕೈಕೊಟ್ಟರೂ ಸ್ಪ್ರಿಂಗ್ ಹಾರುವುದಿಲ್ಲ. ಕಡಿಮೆ ದುಡ್ಡಿಗೆ ಸಿಗುವ, ಕೊಕ್ಕೆಗೆ ಲಾಕ್ ಪಿನ್ ಇಲ್ಲದ ಕಂಪ್ರೆಸರ್ ಕೊಳ್ಳಬೇಡಿ. ಒಳ್ಳೆಯದನ್ನು ಬಾಡಿಗೆಗೆ ತನ್ನಿ.

ಸ್ಪ್ರಿಂಗನ್ನು ಮರದ ಪಟ್ಟಿಯಿಂದ ತಳ್ಳಿ ನೋಡಿ. ಕೈ ಹಾಕಬೇಡಿ. ಕೂತ ಜಾಗದಲ್ಲಿ ಅಲುಗಾಡಿದರೆ ಮಾತ್ರ ವರ್ಕ್‌ಶಾಪ್ ಮ್ಯಾನುಯಲ್ ಹೇಳಿದ ಹೊರಗಿನ ಬೋಲ್ಟ್ ಬಿಚ್ಚಿ. ಬ್ರೇಕ್ ಡ್ರಮ್ಮನ್ನು ತಂತಿಯಲ್ಲಿ ಮೇಲಕ್ಕೆ ಕಟ್ಟಿ, ಹೋಸ್ ಮೇಲೆ ಭಾರ ಬೀಳಬಾರದು. ನಂತರ ಜಾಕನ್ನು ಬೆರಳಗಲ ಬೆರಳಗಲ ಇಳಿಸುತ್ತಾ ಬನ್ನಿ. ಅಷ್ಟು ಹೊತ್ತೂ ಪಕ್ಕದಲ್ಲಿರಿ. ಸ್ಪ್ರಿಂಗಿನ ಎದುರಿಗೆ ನೀವೂ ಇರಬಾರದು, ಟೀ ತಂದ ಹುಡುಗನೂ ಇರಬಾರದು.

ಹೊಸ ಸ್ಪ್ರಿಂಗನ್ನು ಸ್ಪ್ರಿಂಗ್ ಮಾಡುವವರಲ್ಲೇ ಸುತ್ತಿಸಿ ಎನ್ನುವುದು ನನ್ನ ಖಡಾಖಂಡಿತ ಸಲಹೆ. ಕತ್ತರಿಸಲೇಬೇಕೆಂದರೆ ಅರ್ಧ ಸುತ್ತಿಗಿಂತ ಜಾಸ್ತಿ ಬೇಡ. ಸ್ಪ್ರಿಂಗ್ ಆರ್ಮ್‌ನ ನಡುವೆ ಕೂರುವುದರಿಂದ, ಅಲ್ಲಿ ಒಂದು ಸೆಂಟಿಮೀಟರ್ ಕಡಿಮೆಯಾದರೆ ಚಕ್ರದ ಹತ್ತಿರ ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿರುಸಾಗುತ್ತದೆ. ತೆಳು ಕಟಿಂಗ್ ಡಿಸ್ಕ್‌ನಲ್ಲಿ ಬಿಟ್ಟು ಬಿಟ್ಟು ಕತ್ತರಿಸಿ. ಪಕ್ಕದ ಸುತ್ತು ಕೈಗೆ ಸುಡುವಷ್ಟು ಕಾದರೆ ಆರುವ ತನಕ ಕಾಯಿರಿ. ಗ್ಯಾಸ್ ಉರಿ ತಗುಲಿದರೆ ಉಕ್ಕಿನ ಹದ ಕೆಡುತ್ತದೆ, ಕೆಲವೇ ದಿನಗಳಲ್ಲಿ ಆ ಕಡೆ ಕುಸಿಯುತ್ತದೆ. ಎರಡೂ ತುದಿ ಚಪ್ಪಟೆಯಾಗಿ ಉಜ್ಜಿದ್ದರೆ ಕತ್ತರಿಸುವಂತೆಯೇ ಇಲ್ಲ, ಮತ್ತೆ ಸರಿಯಾಗಿ ಕೂರುವುದಿಲ್ಲ. ಎರಡು ಸುತ್ತನ್ನು ಬಿಗಿದು ಕಟ್ಟುವ ಕ್ಲ್ಯಾಂಪ್‌ಗಳನ್ನೂ ಮಾರುತ್ತಾರೆ. ಹಂಪ್ ಹಾರಿದಾಗ ಅವು ಜಾರುತ್ತವೆ. ಬಿಟ್ಟುಬಿಡಿ.

ಜೋಡಿಸುವುದು ಬಿಚ್ಚಿದ್ದರ ಉಲ್ಟಾ. ಚಕ್ರ ಪೂರ್ತಿ ಕೆಳಗೆ ಇಳಿಬಿದ್ದಾಗಲೂ ಸ್ಪ್ರಿಂಗ್ ಸಡಿಲವಾಗಬಾರದು, ಇದನ್ನು ನೋಡಿಯೇ ಮುಂದೆ ಹೋಗಿ. ಆರ್ಮ್‌ನ ರಬ್ಬರ್ ಬುಷ್ ಬೋಲ್ಟ್‌ಗಳನ್ನು ಚಕ್ರ ನೇತಾಡುವಾಗ ಬಿಗಿ ಮಾಡಬೇಡಿ. ಗಾಡಿ ನೆಲಕ್ಕಿಳಿದು, ತನ್ನ ಭಾರಕ್ಕೆ ಕೂತ ಮೇಲೆ ಬಿಗಿಯಿರಿ. ಇಲ್ಲದಿದ್ದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇದನ್ನು ಹತ್ತರಲ್ಲಿ ಒಂಬತ್ತು ಮಂದಿ ಮಾಡುವುದಿಲ್ಲ.

ಸ್ಟಿಯರಿಂಗನ್ನು ಎರಡೂ ಕೊನೆಯ ತನಕ ತಿರುಗಿಸಿ ಟೈರ್ ಮಡ್‌ಗಾರ್ಡಿಗೆ ತಾಗುತ್ತದಾ, ಬ್ರೇಕ್ ಹೋಸ್ ಎಳೆಯುತ್ತದಾ ನೋಡಿ. ಚಕ್ರ ನಿಂತ ವಾಲು (ಕ್ಯಾಂಬರ್), ಅದರ ಮೂತಿ ಒಳಗೋ ಹೊರಗೋ ತಿರುಗಿರುವುದು (ಟೋ) ಎರಡೂ ಬದಲಾಗಿರುತ್ತವೆ, ಹಾಗಾಗಿ ಅಲೈನ್‌ಮೆಂಟ್ ಮಾಡಿಸದೆ ಹೆದ್ದಾರಿಗೆ ಇಳಿಯಬೇಡಿ. ಹೆಡ್‌ಲೈಟ್ ಬೆಳಕೂ ನೆಲ ನೋಡುತ್ತಿರುತ್ತದೆ, ಎತ್ತಿ ಸರಿಮಾಡಿಸಿ. ರಿಂಗ್ ರಸ್ತೆಯಲ್ಲಿ ನಿಧಾನಕ್ಕೆ ಒಂದು ಸುತ್ತು ಹಾಕಿ ಬಂದು, ಬಿಚ್ಚಿದ ಪ್ರತಿ ಬೋಲ್ಟಿಗೂ ಮತ್ತೆ ಟಾರ್ಕ್ ರೆಂಚ್ ಹಾಕಿ. ಚಾಮುಂಡಿ ಬೆಟ್ಟದ ತಿರುವುಗಳು ಅದಾದ ಮೇಲೆ.